ಎರಡು ಢಾಲಿನ ಸರದಾರ

ನನಗೆ ಯಾರಿಗೂ ‘ಇಲ್ಲ’ ಅನ್ನಲು ಬರುವುದಿಲ್ಲವಂತೆ. ಮದುವೆಯಾದಾಗಿನಿಂದ ನನ್ನ ಮೇಲಿರುವ ಮೊಕದ್ದಮೆ ಇದೊಂದೇ. ಫಿರ್ಯಾದಿ ನನ್ನ ಹೆಂಡತಿ ಸುಕನ್ಯಾ, ನ್ಯಾಯಾಧೀಶೆಯೂ ಅವಳೇ. ಹೋದ ವರ್ಷ ಧೂಳು ಹೀರುವ ಯಂತ್ರ ಮಾರುವವನೊಬ್ಬ ನವನಗರದ ನಮ್ಮ ಮನೆ ಬಾಗಿಲಿಗೆ ಬಂದಿದ್ದ. ‘ಬರ್ರಿ ಬರ್ರಿ, ಒಳಗ ಬರ್ರಿ’ ಅಂದೆ. (ಬಾಗಿಲಲ್ಲಿ ನಿಂತವರಿಗೆ ನಮ್ಮ ಕಡೆಯವರು ಮತ್ತೇನು ಅನ್ನಬೇಕು, ಹೇಳಿ?) ಅವನು ಒಳಗೆ ಬಂದ, ಉಪ್ಪಿಟ್ಟು ತಿಂದ, ನಮ್ಮ ಗಾದಿಯ ಧೂಳು ಹೀರಿ ತೋರಿಸಿದ. ಆ ಯಂತ್ರ ಈಗ ಮಂಚದ ಕೆಳಗೆ ತಾನೇ ಧೂಳು ತಿನ್ನುತ್ತ ಮಲಗಿದೆ.

ಆ ರವಿವಾರ ಸುಕನ್ಯಾ ಅಮರಗೋಳದ ಮಾರುಕಟ್ಟೆಯಿಂದ ವರ್ಷದ ಬ್ಯಾಡಗಿ ಮೆಣಸಿನಕಾಯಿ ತಂದು ಪಡಸಾಲೆಯಲ್ಲಿ ಸುರಿದಿದ್ದಳು. ಮಸಾಲೆ ಖಾರ ಕುಟ್ಟಿಸುವ ಮೊದಲು ಒಂದೊಂದರ ತೊಟ್ಟೂ (ನಮ್ಮ ಕಡೆ ‘ದೇಟು’) ಮುರಿಯಬೇಕು. ಈ ಕೆಲಸ ನನ್ನ ಜನ್ಮವೈರಿ. ಕೈ ಉರಿಯುತ್ತದೆ, ಸೀನು ನಿಲ್ಲುವುದಿಲ್ಲ, ಮರೆತು ಕಣ್ಣು ಒರೆಸಿಕೊಂಡರಂತೂ ಮೂರು ಲೋಕವೂ ಕೆಂಪಾಗುತ್ತವೆ. ಹೇಗೆ ಪಾರಾಗಲಿ ಎಂದು ಅತ್ತಿತ್ತ ನೋಡುತ್ತಿದ್ದಾಗ ಮಗಳು ಸಂಪದಾ ಕರೆದಳು.

“ಅಪ್ಪಾ, ಆಟಕ್ಕ ಒಬ್ಬಾಂವ ಬಂದಿಲ್ಲ. ನೀ ಬರ್ತೀಯೇನು?”

ರವಿವಾರಕ್ಕೊಮ್ಮೆ ಅವಳೂ ಪಕ್ಕದ ಮನೆಯ ದಾವಲಬಿಯವರ ಮಕ್ಕಳಾದ ಶಾಹೀನ, ಅಜರುದ್ದೀನರೂ, ಆ ದಿನ ಬಾರದ ಇನ್ನೊಬ್ಬ ಗೆಳೆಯನೂ ಪಡಸಾಲೆಯ ಮೂಲೆಯ ಮೇಜಿಗೆ ಕೂತು ಆಡುವ ಆಟವದು. ಪ್ರತಿಯೊಬ್ಬರೂ ಒಂದು ಪಾತ್ರ ಕಟ್ಟಿಕೊಳ್ಳಬೇಕು, ಸಂಪದಾ ಕಥೆ ನಡೆಸುತ್ತಾಳೆ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮೇಜಿಗೆ ಕೂತ ಮೇಲೆ ಬಾಯಿಂದ ಬಂದ ಮಾತೆಲ್ಲ ಪಾತ್ರದ್ದೇ, ವಾಪಸು ತೆಗೆದುಕೊಳ್ಳುವಂತಿಲ್ಲ. ಈ ಕೊನೆಯ ನಿಯಮವನ್ನು ನಾನು ಗಮನವಿಟ್ಟು ಕೇಳಬೇಕಿತ್ತು.

ಶಾಹೀನ ಮಂತ್ರವಾದಿ, ಅಜರುದ್ದೀನ ಬಿಲ್ಲುಗಾರ. ನನ್ನ ಪಾಲಿಗೆ ಉಳಿದದ್ದು ಯೋಧ.

“ಕಾಕಾ, ಬಲಗೈಯಾಗ ಕತ್ತಿ ಹಿಡೀರಿ, ಎಡಗೈಯಾಗ ಢಾಲು,” ಅಂದ ಅಜರುದ್ದೀನ.

“ಎರಡೂ ಕೈಯಾಗ ಢಾಲ ಇರ್ಲಿ,” ಅಂದೆ.

“ಮತ್ತ ಹೊಡಿಯೂದು ಹ್ಯಾಂಗ್ರಿ?”

“ಹೊಡ್ಯಾಕ ಯಾಕ ಹೋಗ್ಬೇಕು? ಹೊಡಿಸಿಕೊಳ್ಳಲಿಲ್ಲಂದ್ರ ಸಾಕಲ್ಲ.”

ಸಂಸಾರದಲ್ಲಿ ನಾನು ಪರೀಕ್ಷಿಸಿ ನೋಡಿದ ಯುದ್ಧತಂತ್ರ ಇದು. ಪಾತ್ರಕ್ಕೆ ಹಂಚಲು ಕೊಟ್ಟ ಅಂಕಗಳಲ್ಲಿ ಶೌರ್ಯಕ್ಕೆ ಸೊನ್ನೆ, ವೇಗಕ್ಕೆ ಸೊನ್ನೆ, ಇದ್ದಬದ್ದದ್ದನ್ನೆಲ್ಲ ರಕ್ಷಣೆಗೆ ಸುರಿದೆ. ಎಡಗೈಗೆ ವಾಡೆಯ ಬಾಗಿಲಿನಷ್ಟು ದೊಡ್ಡ ಢಾಲು, ಬಲಗೈಗೆ ಪರಾತದಂಥ ದುಂಡನೆಯ ಢಾಲು. ಹೆಸರು, ಶ್ರೀಮದ್ ದ್ವಿಢಾಲಧಾರಿ ಅಭೇದ್ಯವೀರ ಗುರುಶಿದ್ದನಾಯಕ. (ಮನೆಯ ಹೊರಗೆ ನಾನು ಬರೀ ಗುರುಶಿದ್ದಪ್ಪ. ಮನೆಯ ಒಳಗೆ ಬರೀ ‘ರೀ’.)

ಮೆಣಸಿನಕಾಯಿ ರಾಶಿಯ ಕಡೆಯಿಂದ ನಗೆ ಕೇಳಿಸಿತು. “ಕತ್ತಿ ಇಲ್ಲದ ವೀರ! ಚಹಾ ಆರೂದ್ರಾಗ ಸಾಯ್ತಾನ ನೋಡ್ರಿ.”

“ಸಾಯೂದಿಲ್ಲ. ಆಟಾ ಮುಗಿಯೂಮಟಾ ಬದುಕಿದ್ರ ನಾ ಈ ರಾಶಿ ಮುಟ್ಟೂದಿಲ್ಲ. ಏನಂತಿ?”

“ಆತು. ಸತ್ರ ನೀವೊಬ್ರ ಕುಂತು ಎಲ್ಲಾ ದೇಟು ತಗೀಬೇಕು. ನಾ ಕೈ ಹಚ್ಚೂದಿಲ್ಲ.”

ಹೀಗೆ ನನ್ನ ಕಣ್ಣು, ಮೂಗು, ಹತ್ತೂ ಬೆರಳು ಪಣಕ್ಕೆ ಬಿದ್ದವು.

ಮೊದಮೊದಲು ಏನು ವೈಭವ ಅಂತೀರಿ! ಕಳ್ಳರು ಬೀಸಿದ ಕಲ್ಲು ಢಾಲಿಗೆ ಬಡಿದು ಬಿದ್ದವು. ಮೈಮೇಲೆ ಹಾರಿದ ತೋಳಗಳು ಹಲ್ಲು ಮುರಿದುಕೊಂಡು ಹೋದವು. ನನ್ನ ಬೆನ್ನ ಹಿಂದೆ ನಿಂತು ಅಜರುದ್ದೀನ ಬಾಣಗಳನ್ನೆಲ್ಲ ಖಾಲಿ ಮಾಡಿದ, ಶಾಹೀನ ಮಂತ್ರಗಳನ್ನೆಲ್ಲ ಖರ್ಚು ಮಾಡಿದಳು. ಕೊನೆಗೆ ನಮ್ಮ ಕೋಟೆಯ ಬಾಗಿಲಿಗೆ ನನ್ನನ್ನೇ ನಿಲ್ಲಿಸಿದರು. ರಾಜನ ದಂಡು ಬರುವತನಕ ಯಾರನ್ನೂ ಒಳಗೆ ಬಿಡದಿದ್ದರೆ ನಾವು ಗೆದ್ದಂತೆ. ನಾನು ಎರಡೂ ಢಾಲು ಜೋಡಿಸಿ ನಿಂತೆ, ಅಂದರೆ ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಹೀರುತ್ತ ಕೂತೆ.

ಸಂಪದಾ ದನಿ ತಗ್ಗಿಸಿದಳು. “ಯಾರೋ ಬಂದಾರ. ದೊಡ್ಡ ಆಳು. ಮೈತುಂಬ ಕಂಬಳಿ ಹೊತ್ತಾರ. ಬಾಗಲದಾಗ ನಿಂತು ಕೆಮ್ಮಿ, ‘ಅಣ್ಣಾರ, ಇದ್ದೀರೇನ್ರಿ?’ ಅಂದ್ರು.”

“ಬರ್ರಿ ಬರ್ರಿ, ಒಳಗ ಬರ್ರಿ! ಕುಂದರ್ರಿ,” ಅಂದುಬಿಟ್ಟೆ.

ಶಾಹೀನ ಹಣೆ ಹಿಡಿದುಕೊಂಡಳು. “ಕಾಕಾ! ಅಂವ ರಾಕ್ಷಸ ಇದ್ದಾನ್ರಿ!”

“ಹಂಗಾರ ಮೊದ್ಲ ಹೇಳ್ಬೇಕಿಲ್ಲ? ನಾ ಅಂದದ್ದು ವಾಪಸ್ ತಗೋತೇನಿ.”

“ಬಾಯಿಂದ ಬಂದದ್ದು ಬಂತಪ್ಪಾ. ಅಂವ ಒಳಗ ಬಂದು ಕುಂತಾನ,” ಅಂದಳು ನನ್ನ ಸ್ವಂತ ಮಗಳು, ಒಂಚೂರೂ ಕನಿಕರವಿಲ್ಲದೆ.

ಢಾಲುಗಳೆರಡೂ ಬಾಗಿಲ ಕಡೆ, ರಾಕ್ಷಸ ಬೆನ್ನ ಹಿಂದೆ. ಮೊದಲ ಏಟಿಗೇ ನನ್ನ ಮುಕ್ಕಾಲು ಜೀವ ಹೋಯಿತು. ಹೊಡೆಯೋಣವೆಂದರೆ ಕತ್ತಿಯಿಲ್ಲ, ಓಡೋಣವೆಂದರೆ ವೇಗ ಸೊನ್ನೆ. ಇನ್ನೊಂದು ಏಟು ಬಿದ್ದರೆ ನಾನು ಸತ್ತೆ, ಆ ಕೆಂಪು ರಾಶಿ ಪೂರ್ತಿ ನನ್ನದು. ಖರೇ ಹೇಳುತ್ತೇನೆ, ಫ್ಯಾನಿನ ಕೆಳಗೆ ಕೂತು ಬೆವತೆ.

ಸುಕನ್ಯಾಗೆ ತಡೆಯಲಾಗಲಿಲ್ಲ. “ಮನಿಗೆ ಬಂದಾವ್ರನ್ನ ಹ್ಯಾಂಗ ಕಳಸ್ಬೇಕು ಅನ್ನೂದು ನಿಮಗ ಯಾವಾಗ ತಿಳಿತೈತ್ರಿ? ಸುಮ್ನ ಯಾಕ ಕುಂದ್ರಸೀರಿ ಅವನ್ನ? ‘ಹ್ಯಾಂಗೂ ಕುಂತೀರಿ, ಮಾತಾಡಕೋತ ಇವಷ್ಟು ದೇಟು ತಗೀರಿ’ ಅಂತ ಮೆಣಸಿನಕಾಯಿ ಬುಟ್ಟಿ ಮುಂದ ಇಡ್ರಿ.”

“ಅವ್ವಾ, ಕ್ವಾಟ್ಯಾಗ ಮೆಣಸಿನಕಾಯಿ ಎಲ್ಲಿಂದ ಬರ್ಬೇಕು?”

“ಮೆಣಸಿನಕಾಯಿ ಇಲ್ಲದ್ದು ಅದೆಂಥಾ ಕ್ವಾಟಿ? ಅಲ್ಲಿ ಮಂದಿ ಉಣ್ಣೂದಿಲ್ಲೇನ?”

ಇದಕ್ಕೆ ಆಟದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ನಾನು ಅವಳ ಮಾತನ್ನು ಅಕ್ಷರ ಬಿಡದೆ ರಾಕ್ಷಸನಿಗೆ ಒಪ್ಪಿಸಿ ದಾಳ ಉರುಳಿಸಿದೆ. ಇಪ್ಪತ್ತು! ರಾಕ್ಷಸ ಮರ್ಯಾದಸ್ಥ, ಇಲ್ಲ ಅನ್ನಲಾಗದೆ ತೊಟ್ಟು ಮುರಿಯತೊಡಗಿದ. ಹಿಡಿಯಷ್ಟು ಮುಗಿಯುವುದರೊಳಗೆ ಸೀನಿದ, ಕಣ್ಣು ಒರೆಸಿಕೊಂಡ, ಕಂಬಳಿಯನ್ನೂ ಬಿಟ್ಟು ಬೊಬ್ಬೆ ಹೊಡೆಯುತ್ತ ಓಡಿಹೋದ. ರಾಜನ ದಂಡು ಬಂತು, ಆಟ ಮುಗಿಯಿತು, ನಾನು ಬದುಕಿದ್ದೆ. ಎದೆಯ ಮೇಲಿಂದ ಮೆಣಸಿನಕಾಯಿ ಚೀಲ ಇಳಿದಷ್ಟು ಹಗುರವಾಯಿತು.

ನನ್ನನ್ನು ಬದುಕಿಸಿ ತಾನು ಪಂದ್ಯ ಸೋತದ್ದು ಸುಕನ್ಯಾಗೆ ಆಮೇಲೆ ಹೊಳೆಯಿತು. ಆದರೆ ಅವಳು ಮಾತಿಗೆ ತಪ್ಪುವವಳಲ್ಲ. “ಹೋಗ್ರಿ, ನಮ್ಮ ರಾಶಿ ನೀವು ಮುಟ್ಟಬ್ಯಾಡ್ರಿ,” ಎಂದು ಒಬ್ಬಳೇ ಕೂತು ಮುರಿಯತೊಡಗಿದಳು. ನಾನು ಅಲ್ಲೇ ಚಾಪೆಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದೆ.

ಬಾಗಿಲಲ್ಲಿ ಯಾರೋ ಕೆಮ್ಮಿದರು. “ಅಣ್ಣಾರ, ಇದ್ದೀರೇನ್ರಿ?”

“ಬರ್ರಿ ಬರ್ರಿ, ಒಳಗ ಬರ್ರಿ! ಕುಂದರ್ರಿ,” ಅಂದೆ, ಕಣ್ಣು ತೆರೆಯದೆಯೇ.

ತೆರೆದಾಗ ಪಕ್ಕದ ಮನೆಯ ದಾವಲಬಿ ಕೂತಾಗಿತ್ತು. ಅವರ ಮಗ್ಗುಲಿಗೆ ಅವರದೇ ಮನೆಯ ಮೆಣಸಿನಕಾಯಿ ಚೀಲ.

“ಒಬ್ಬಾಕಿನ ಕುಂತ್ರ ಬ್ಯಾಸರಾಕ್ಕೈತ್ರಿ. ಸುಕನ್ಯಾರ ಜೋಡಿ ತಗಿಯೂಣು ಅಂತ ಬಂದೆ,” ಅಂದರು. ಆಮೇಲೆ ನನ್ನ ಖಾಲಿ ಕೈಗಳನ್ನು ನೋಡಿದರು. ಒಂದು ಬುಟ್ಟಿ ತುಂಬಿ ನನ್ನ ಮುಂದೆ ಸರಿಸಿದರು. “ಹ್ಯಾಂಗೂ ಕುಂತೀರಿ ಅಣ್ಣಾರ, ಮಾತಾಡಕೋತ ಇವಷ್ಟು ದೇಟು ತಗೀರಿ.”

ನಾನು ದೀನನಾಗಿ ಸುಕನ್ಯಾಳತ್ತ ನೋಡಿದೆ.

“ನನ್ನ ಯಾಕ ನೋಡ್ತೀರಿ? ಪಂದ್ಯಾ ನಮ್ಮ ರಾಶಿದಿತ್ತು.”

ರಾಕ್ಷಸನಿಗೆ ಓಡಿಹೋಗಲು ತನ್ನದೊಂದು ಮನೆಯಾದರೂ ಇತ್ತು. ನನ್ನ ಮನೆ ಇದೇ. ಇಲ್ಲ ಅನ್ನಲೆಂದು ಬಾಯಿ ತೆರೆದೆ. ಹೊರಬಂದದ್ದು, “ಕೊಡ್ರಿ ಕೊಡ್ರಿ, ಅದಕ್ಕೇನಂತ!” ಹಿಡಿಯಷ್ಟು ಮುಗಿಯುವುದರೊಳಗೆ ಸೀನಿದೆ, ಮರೆತು ಕಣ್ಣು ಒರೆಸಿಕೊಂಡೆ.

ಸುಕನ್ಯಾ ನಗು ತಡೆಯುತ್ತ ತಣ್ಣೀರಿನ ವಸ್ತ್ರ ತಂದು ನನ್ನ ಕಣ್ಣಿಗೆ ಒತ್ತಿದಳು. ಜೀವ ಬಂದಂತಾಯಿತು.

“ಮುಂದಿನ ರವಿವಾರ ಇನ್ನೊಂದು ಢಾಲ ತಗೋರಿ,” ಅಂದಳು, “ಬಾಯಿಗೆ.”