ಬಹುರೂಪಿ ತೆಗೆದುಕೊಂಡ ಹಾಜರಿ

ನಮ್ಮ ಬಸವಕಲ್ಯಾಣದಲ್ಲಿ ಅವರನ್ನು ನೋಡದವರು ಯಾರೂ ಇರಲಿಲ್ಲ. ಆದರೆ ಅವರು ನೋಡಲು ಹೇಗಿದ್ದಾರೆ ಎಂದು ಕೇಳಿದರೆ ಹೇಳಬಲ್ಲವರೂ ಯಾರೂ ಇರಲಿಲ್ಲ! ನನ್ನ ಅಪ್ಪನ ಪ್ರಕಾರ ಅವರದು ದಪ್ಪ ಮೀಸೆ. ಅವ್ವನ ಪ್ರಕಾರ ಎದೆಯವರೆಗೆ ಇಳಿದ ಗಡ್ಡ. ಪಕ್ಕದ ಮನೆಯ ಖಾಲಾ ಮಾತ್ರ, ಅವರು ಬಳೆ ಮಾರುವ ಹೆಂಗಸು ಎಂದೇ ಬಹಳ ದಿನ ತಿಳಿದಿದ್ದಳು.

ಅವರು ಬಹುರೂಪಿ; ವೇಷ ಕಟ್ಟುವುದು ಅವರ ಮನೆತನದ ಕಸುಬು. ಆದರೆ ಕಸುಬಿನವರು ಮನೆಗೆ ಹೋದ ಮೇಲೆ ಬಣ್ಣ ತೊಳೆದುಕೊಂಡು ತಮ್ಮ ಪಾಡಿಗೆ ತಾವಿರುತ್ತಾರೆ. ಇವರು ಹಾಗಲ್ಲ. ಕಿರಾಣಿ ಅಂಗಡಿಗೆ ಬೆಲ್ಲ ತರಲು ಹೋಗುವಾಗಲೂ ಯಾರೋ ಒಬ್ಬರಾಗಿಯೇ ಹೋಗುತ್ತಿದ್ದರು. ಸ್ವಂತ ಮಗಳ ಮದುವೆಯಲ್ಲಿ ಬೀಗರು ಹುಡುಗಿಯ ತಂದೆಯನ್ನು ಹುಡುಕಿ ಹುಡುಕಿ ಸುಸ್ತಾದರಂತೆ. ಕೊನೆಗೆ ಸಿಕ್ಕಿದ್ದು ಬ್ಯಾಂಡಿನವರ ನಡುವೆ, ಕೆಂಪು ಕೋಟು ಹಾಕಿಕೊಂಡು ತಾಸೆ ಬಾರಿಸುತ್ತಿದ್ದಾಗ. ಹುಚ್ಚೋ, ಹಟವೋ? ಊರಿನಲ್ಲಿ ಎರಡೂ ಪಕ್ಷದವರಿದ್ದರು.

ನಮ್ಮ ಬಟ್ಟೆ ಅಂಗಡಿಗೆ ಒಮ್ಮೆ ಅವರು ಗಿರ್ದಾವರರಾಗಿ ಬಂದರು. ಜಮೀನು, ಜಾಗ ಅಳೆಯುವ ಸರಕಾರಿ ಅಧಿಕಾರಿಯನ್ನು ನಮ್ಮ ಕಡೆ ಹಾಗೆ ಕರೆಯುತ್ತಿದ್ದರು. ಬಗಲಲ್ಲಿ ಫೈಲು, ಕೈಯಲ್ಲಿ ಅಳತೆಯ ಪಟ್ಟಿ. ಅಂಗಡಿಯ ಮುಂದಿನ ಕಟ್ಟೆಯನ್ನು ಎರಡು ಸಲ ಅಳೆದು, ತಲೆ ಅಲ್ಲಾಡಿಸಿ, "ಸಾವಕಾರ್ರ, ನಿಮ್ಮ ಕಟ್ಟಿ ಸರಕಾರದ ರಸ್ತಾದಾಗ ಒಂದು ಮೊಳ ಬಂದದ" ಎಂದರು. ಅಪ್ಪನ ಮುಖ ಬಿಳುಪೇರಿತು. ಒಳಗೆ ಕರೆದು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದ. ಎರಡು ಕಪ್ ಚಹಾ ಆದ ಮೇಲೆ ಅವರು "ಚಹಾ ಛಲೋ ಇತ್ರಿ" ಎಂದು, ಮೆಲ್ಲಗೆ ಮೀಸೆ ಕಿತ್ತು ಕಿಸೆಗೆ ಹಾಕಿಕೊಂಡು ಎದ್ದು ಹೋದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಅಪ್ಪನ ಮರ್ಯಾದೆ ಉಳಿಯುತ್ತಿತ್ತು. ಹದಿನೈದು ದಿನ ಬಿಟ್ಟು ನಿಜವಾದ ಗಿರ್ದಾವರರು ಬಂದರು. ಅಪ್ಪ ಗಾದಿಯಿಂದ ಏಳಲೂ ಇಲ್ಲ. "ಈ ಸಲ ಮೀಸಿ ಬರೋಬ್ಬರಿ ಕುಂತದ ನೋಡ್ರಿ" ಎಂದು ನಗುತ್ತ ಕೈಚಾಚಿ ಎಳೆದೇಬಿಟ್ಟ. ಮೀಸೆ ಬರಲಿಲ್ಲ. ಕಟ್ಟೆ ಹೋಯಿತು.

ಇಂಥವರನ್ನು ನಮ್ಮ ಕನ್ನಡದ ಸರ್ ಉಪನ್ಯಾಸಕ್ಕೆ ಕರೆದರು. ಎಪ್ಪತ್ತರ ದಶಕದ ಮಾತು. ನಾನು ದಿನಾ ಬಸ್ಸಿನಲ್ಲಿ ಹುಮನಾಬಾದಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಉಗ್ಗು. ಮೊದಲ ಅಕ್ಷರ ಗಂಟಲಲ್ಲಿ ಕೂತರೆ ಏಳುತ್ತಲೇ ಇರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗಿದಾಗ ನಾನು ಸುಮ್ಮನೆ ಕೈ ಎತ್ತುತ್ತಿದ್ದೆ. ಎಲ್ಲ ಸರ್‌ಗಳಿಗೂ ಅದು ಗೊತ್ತಿದ್ದ ಕಾರಣ ಯಾರೂ ಏನೂ ಅನ್ನುತ್ತಿರಲಿಲ್ಲ.

ಉಪನ್ಯಾಸ ಹನ್ನೊಂದು ಗಂಟೆಗಿತ್ತು. ಹೂವಿನ ಹಾರ ಬಂತು, ನೀರಿನ ತಂಬಿಗೆ ಬಂತು, ಉಪನ್ಯಾಸಕರು ಬರಲಿಲ್ಲ. ಹನ್ನೊಂದೂವರೆಗೆ ಆಫೀಸಿನಿಂದ ಕರಿ ಟೊಪ್ಪಿಗೆ, ದಪ್ಪ ಕನ್ನಡಕದ ಹೊಸ ಕಾರಕೂನರೊಬ್ಬರು ಬಂದು, ಸುಮ್ಮನೆ ಯಾಕೆ ಕೂತಿದ್ದೀರಿ ಎಂದು ಗದರಿ, ಹಾಜರಿ ಪುಸ್ತಕ ತೆರೆದರು. ಸರ್ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಕಾರಕೂನರು ಒಬ್ಬೊಬ್ಬರ ಊರು ಕೇಳುವವರೇ. "ಮುಡಬಿ? ಇವತ್ತರ ಬಸ್ ಟೈಮಿಗೆ ಬಂತೇನ?" ನನ್ನ ಸರದಿ ಬಂತು. ಕೈ ಎತ್ತಿದೆ.

"ಕೈಗೆ ಬಾಯಿ ಇಲ್ಲವ್ವ. ಬಾಯಿಲೆ ಹೇಳು."

ತರಗತಿ ನಕ್ಕಿತು. "ಹ... ಹ..." ಎಂದೆ. ಮುಂದೆ ಹೋಗಲಿಲ್ಲ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ಟೊಪ್ಪಿಗೆ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಂಟಿಸಿದ ಮೀಸೆ ಮಾತ್ರ ತೆಗೆಯಲಿಲ್ಲ. ಅವರೇ ಉಪನ್ಯಾಸಕರು! ಅವರನ್ನು ಅಷ್ಟು ಸಲ ನೋಡಿದ್ದ ನನಗೂ ಗುರುತು ಸಿಕ್ಕಿರಲಿಲ್ಲ.

"ಇಷ್ಟೊತ್ತು ನೀವು ಯಾರಿಗೆ ಅಂಜಿದ್ರಿ? ಈ ಟೊಪಗಿಗೆ" ಎಂದರು. ಉಪನ್ಯಾಸ ಅಷ್ಟೇ. ಆಮೇಲೆ ನನ್ನನ್ನು ಮುಂದೆ ಕರೆದರು. ಟೊಪ್ಪಿಗೆಯನ್ನು ನನ್ನ ತಲೆಗಿಟ್ಟು, ಕನ್ನಡಕ ಏರಿಸಿ, ಹಾಜರಿ ಪುಸ್ತಕ ಕೈಗಿತ್ತು, "ಈಗ ನೀ ಕಾರಕೂನ. ನನ್ನ ಹಾಜರಿ ತಗೋ" ಎಂದು ಹೋಗಿ ನನ್ನ ಜಾಗದಲ್ಲಿ ಕೂತರು. ಹೆಗಲು ಮುದುರಿ, ಸೆರಗು ಇಲ್ಲದಿದ್ದರೂ ಅದರ ತುದಿಯನ್ನು ಬೆರಳಿಗೆ ಸುತ್ತುತ್ತ. ನಾನು ಹಾಗೆ ಕೂರುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಕನ್ನಡಕದೊಳಗಿಂದ ತರಗತಿಯೆಲ್ಲ ಮಸುಕಾಗಿ ಕಂಡಿತು. ನನ್ನ ನಂಬರು ಕೂಗಿದೆ. ಅವರು ಕೈ ಎತ್ತಿದರು.

"ಕೈ ಎತ್ತಿದ್ರ ನಡ್ಯಂಗಿಲ್ಲ. ಬಾಯಿ ಬಿಟ್ಟು ಹೇಳ್ರಿ. ಮನಿಯಾಗ ಊಟಕ್ಕ ಕರದ್ರೂ ಕೈ ಎತ್ತತೀರೇನು?"

ಇದನ್ನು ಅಂದದ್ದು ಯಾರು? ನಾನೇ. ಒಂದಕ್ಷರವೂ ತಡೆಯಲಿಲ್ಲ. ರುಚಿ ಹತ್ತಿ, ಹಿಂದಿನ ಬೆಂಚಿನ ಹುಡುಗರನ್ನೂ ಎಬ್ಬಿಸಿ ನಿಲ್ಲಿಸಿ ಬೈದೆ. ಅವರು ನಿಜವಾಗಿಯೂ ನಿಂತರು. ಟೊಪ್ಪಿಗೆ ತೆಗೆದುಕೊಟ್ಟು ಧನ್ಯವಾದ ಹೇಳಲು ಹೋದೆ. "ಧ..." ಅಲ್ಲೇ ನಿಂತಿತು.

ಉಪನ್ಯಾಸದ ಬಗ್ಗೆ ಒಂದೊಂದು ಪುಟ ಬರೆದು ತರಬೇಕೆಂದು ಸರ್ ಹೇಳಿದರು. ಉಳಿದವರು ಜಾನಪದ ಕಲೆಯ ಹಿರಿಮೆ ಬರೆದರು. ನಾನು ಬರೆದದ್ದು ಒಂದೇ ಸಾಲು: 'ಟೊಪ್ಪಿಗೆ ತೆಗೆದ ಮೇಲೆ ಆ ಮಾತು ಎಲ್ಲಿ ಹೋಯಿತು?' ಸರ್ ಕೆಳಗೆ ಕೆಂಪು ಶಾಯಿಯಲ್ಲಿ, 'ನನಗಲ್ಲ, ಅವರಿಗೆ ಕೇಳು' ಎಂದು ಬರೆದುಕೊಟ್ಟರು.

ಭಾನುವಾರ ಆ ಹಾಳೆ ಹಿಡಿದು ಅವರ ಮನೆ ಹುಡುಕಿಕೊಂಡು ಹೋದೆ. ಕೋಟೆಯ ಹಿಂದಿನ ಓಣಿ. ಬಾಗಿಲಲ್ಲಿ ಅವರ ಹೆಂಡತಿ ಬೇಳೆ ಆರಿಸುತ್ತಿದ್ದರು. ಅವರಿದ್ದಾರೆಯೇ ಎಂದು ಕೈಸನ್ನೆಯಲ್ಲೇ ಕೇಳಿದೆ.

"ಯಾರು ಬೇಕವ್ವ, ಪೊಲೀಸೋ ಸಾಧುನೋ? ಇವತ್ತ ಎರಡೂ ಇಲ್ಲ. ಹಿತ್ತಲದಾಗ ಅರಿವಿ ಒಗ್ಯಾಕತ್ತಾರ, ಹೋಗು."

ಹರಿದ ಬನಿಯನ್ನಿನಲ್ಲಿ ಒಬ್ಬ ಸಣಕಲು ಮನುಷ್ಯ ಕಲ್ಲಿನ ಮೇಲೆ ಧೋತರ ಕುಕ್ಕುತ್ತಿದ್ದರು. ಮೀಸೆಯಿಲ್ಲ, ಗಡ್ಡವಿಲ್ಲ. ನನ್ನನ್ನು ಕಂಡು ಗಾಬರಿಯಾದರು. ಹಾಳೆ ಕೊಟ್ಟೆ. ಓದಿ, ಬಾಯಿ ತೆರೆದರು.

"ನ... ನ... ನ..."

ನನ್ನನ್ನು ಅಣಕಿಸುತ್ತಿದ್ದಾರೆ ಅನಿಸಿ ಮೈ ಉರಿಯಿತು. ತಿರುಗಿ ಹೋಗಬೇಕೆಂದವಳು ಅವರ ಕುತ್ತಿಗೆಯ ನರ ನೋಡಿದೆ. ಅದು ಬಿಗಿದು ನಿಂತಿತ್ತು. ಆ ನರಕ್ಕೆ ನಟಿಸಲು ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಳಗಿನಿಂದ ಹೆಂಡತಿ, "ನಿಂದ್ರಬ್ಯಾಡ, ಕುಂದ್ರು ಅಂತಾರವ್ವ" ಎಂದು ಕೂಗಿದರು. ಅವರು ಅಲ್ಲವೆಂದು ತಲೆ ಅಲ್ಲಾಡಿಸಿದರು. ಅವರು ಹೇಳಬೇಕೆಂದಿದ್ದು ಅದಲ್ಲ.

ನಾನು ಕಾದೆ.

"ನ... ನನಗೂ ಗೊತ್ತಿಲ್ಲವ್ವ" ಎಂದರು ಕೊನೆಗೆ. "ಹು... ಹುಡುಕಾಕತ್ತೇನಿ."

ನೆನೆದ ಧೋತರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ತುದಿ ಅವರು ಹಿಡಿದರು. ಇಬ್ಬರೂ ಎದುರಾಬದುರು ನಿಂತು ಹಿಂಡತೊಡಗಿದೆವು. ನಾನು ಅವರ ಮಗಳ ಬಗ್ಗೆ ಕೇಳಲು ಶುರು ಮಾಡಿದೆ. "ಮ... ಮ..." ಎಂದು ಬಹಳ ಹೊತ್ತು ಹಿಡಿಯಿತು. ಅವರು ಧೋತರ ಹಿಂಡುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತ ಕಾದರು.