ಹೊಸ ವಿಮಾನ, ಮತ್ತ ಸಾಲಿ

ವಿಮಾನ ಕಂಪನಿಯವರು ಪೈಲಟ್ ಆಗಿದ್ದ ನನ್ನನ್ನು ಒಂದು ವಿಮಾನದಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಿದಾಗಲೆಲ್ಲ ಗೊಂದಲ ಏಳುತ್ತಿದ್ದದ್ದು ಮುಂಬಯಿಯ ಅವರ ಆಫೀಸಿನಲ್ಲಲ್ಲ, ಮಿರಜದ ನಮ್ಮ ಮನೆಯಲ್ಲಿ. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸಾಂಗ್ಲಿಗೊಂದು ಸಂಸ್ಥಾನ, ಮಿರಜದ ಹೆಸರಿನಲ್ಲೇ ಎರಡು ಸಂಸ್ಥಾನ ಇದ್ದ ಕಾಲ. ಯಾರು ಯಾರ ಪ್ರಜೆ ಅನ್ನುವುದೇ ಜನಕ್ಕೆ ಸರಿಯಾಗಿ ಗೊತ್ತಿರದಾಗ, ನಾನು ಯಾವ ವಿಮಾನದವನು ಅಂತ ಹೇಗೆ ತಿಳಿಯಬೇಕು?

ನಪಾಸು

ಮೊದಲು ನಾನು ನಡೆಸುತ್ತಿದ್ದದ್ದು ಒಂದೇ ಎಂಜಿನ್ನಿನ ಸಣ್ಣ ವಿಮಾನ. ಕಂಪನಿಯವರು ಎರಡು ಎಂಜಿನ್ನಿನದು ಕೊಂಡರು, ನನ್ನನ್ನು ಅದಕ್ಕೆ ಹಾಕಿದರು. ತರಬೇತಿಗೆ ಮುಂಚೆ ರಜೆ ಸಿಕ್ಕಿತು, ಊರಿಗೆ ಬಂದೆ.

ಅಪ್ಪನಿಲ್ಲದ ನಮ್ಮ ಮನೆಗೆ ಕಾಕಾನೇ ಹಿರಿಯ. ಸಾಂಗ್ಲಿ ಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಮತ್ತೆ ಶಾಲೆಗೆ ಹೋಗಿ ಕಲಿಯಲು ಹೊರಟಿದ್ದೇನೆ ಅಂದ ಕೂಡಲೆ ಅವರ ಮುಖ ಸಣ್ಣದಾಯಿತು.

"ನಪಾಸ್ ಆದಿ ಅನ್ನು," ಅಂದರು.

ಇಲ್ಲ ಕಾಕಾ, ವಿಮಾನ ಬೇರೆ, ಅದಕ್ಕೇ ಪಾಠ ಬೇರೆ ಅಂತ ಬಿಡಿಸಿ ಹೇಳಿದೆ. ಕಾಕಾ ಸಮಾಧಾನದಿಂದ ಎಲ್ಲ ಕೇಳಿಕೊಂಡರು. ಆಮೇಲೆ ಅವ್ವನ ಕಡೆ ತಿರುಗಿ, "ನಮ್ಮ ಗಾಡಿ ಹೊಡ್ಯಾಂವ ಎತ್ತ ಬದಲಾದಾಗೊಮ್ಮೆ ಸಾಲಿಗೆ ಹೋಗಂಗಿಲ್ಲವಾ," ಅಂದರು.

ಟಾಂಗಾ

ಎರಡು ಎಂಜಿನ್ನಿನ ತರಬೇತಿಯಲ್ಲಿ ಒಂದು ಅಭ್ಯಾಸವನ್ನು ಮೈಗೆ ಹತ್ತಿಸಿದರು. ಹತ್ತುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಬರಬೇಕು, ಚಕ್ರ ಮುಟ್ಟಿ ನೋಡಬೇಕು, ಬಗ್ಗಿ ಕೆಳಗೆ ಏನಾದರೂ ಸೋರುತ್ತಿದೆಯೇ ಅಂತ ಕಣ್ಣು ಹಾಯಿಸಬೇಕು.

ಮುಂದಿನ ರಜೆಯಲ್ಲಿ ಮಿರಜ ಸ್ಟೇಷನ್ನಿಗಿಳಿದು ಟಾಂಗಾ ಕರೆದೆ. ನನಗೇ ಅರಿವಿಲ್ಲದೆ ಅದರ ಸುತ್ತ ನಡೆದೆ, ಚಕ್ರ ಅಲ್ಲಾಡಿಸಿದೆ, ಬಗ್ಗಿ ಕುದುರೆಯ ಹೊಟ್ಟೆಯ ಕೆಳಗೆ ನೋಡಿದೆ. ಕೊನೆಗೆ ಟಾಂಗಾದವನು ಕೆಳಗಿಳಿದು ಬಂದು, ಕುದುರೆಯ ಬಾಯಿ ಅಗಲಿಸಿ ನನಗೆ ಹಲ್ಲು ತೋರಿಸಿದ. ಆಮೇಲೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: ವಯಸ್ಸು ಸಣ್ಣದೇ, ಆದರೆ ಮಾರುವುದಿಲ್ಲ.

ಎಡಗೈ

ವರ್ಷ ತುಂಬುವಷ್ಟರಲ್ಲಿ ಕಂಪನಿಗೆ ಡಕೋಟಾ ಅನ್ನುವ ಇನ್ನೂ ದೊಡ್ಡ ವಿಮಾನ ಬಂತು. ಮತ್ತೆ ತರಬೇತಿ. ಈ ಸಲ ನಾನು ಎರಡನೇ ಪೈಲಟ್, ಬಲಗಡೆಯ ಕುರ್ಚಿ. ಅಲ್ಲಿ ಕುಳಿತರೆ ಎಂಜಿನ್ನಿನ ಹಿಡಿಕೆಗಳು ಎಡಗೈಗೆ ಬರುತ್ತವೆ. ಇಷ್ಟು ದಿನ ಬಲಗೈ ಮಾಡಿದ್ದನ್ನೆಲ್ಲ ಎಡಗೈಗೆ ಕಲಿಸಬೇಕಾಯಿತು. ಅದೂ ಚೆನ್ನಾಗಿಯೇ ಕಲಿಯಿತು.

ಊರಿಗೆ ಬಂದಾಗ ಮನೆಯಲ್ಲಿ ಪೂಜೆ. ಅಯ್ಯನವರು ಪ್ರಸಾದ ಕೊಡಲು ಬಂದರೆ ನಾನು ಥಟ್ಟನೆ ಎಡಗೈ ಚಾಚಿದೆ. ಅವರ ಕೈ ಅಲ್ಲೇ ನಿಂತಿತು. ನೆರೆದವರೆಲ್ಲ ನನ್ನನ್ನೇ ನೋಡಿದರು.

ಕಾಕಾ ಕೈ ಮುಗಿದು ಹೇಳಿದರು: "ತಪ್ಪ ತಿಳೀಬ್ಯಾಡ್ರಿ ಅಯ್ಯಾರ. ಇಂವಗ ಎಡಾ ಬಲಾನೂ ಮೊದಲಿಂದ ಕಲಸಾಕತ್ತಾರ."

ಮೋಟಾರು

ಅಷ್ಟರಲ್ಲಿ ಸಾಂಗ್ಲಿಯ ಒಬ್ಬ ಅರಿಷಿಣದ ವ್ಯಾಪಾರಿಯ ಮಗಳಿಗೆ ನನ್ನನ್ನು ಕೇಳಿದ್ದರು. ಹುಡುಗಿಯನ್ನು ನೋಡಿ ನಾನಂತೂ ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ. ಆದರೆ ಅವಳ ತಂದೆಗೆ ಯಾರೋ ಕಿವಿಯೂದಿದ್ದರು: ಹುಡುಗನನ್ನು ಮತ್ತೆ ಮತ್ತೆ ಸಾಲಿಗೆ ಕಳಿಸುತ್ತಾರೆ, ಮೊದಲು ಒಬ್ಬನೇ ನಡೆಸುತ್ತಿದ್ದ, ಈಗ ನಂಬಿಕೆ ಸಾಲದೆ ಪಕ್ಕದಲ್ಲಿ ಇನ್ನೊಬ್ಬನನ್ನು ಕೂಡಿಸಿದ್ದಾರೆ. ಆ ಇನ್ನೊಬ್ಬ ನನ್ನ ಮೇಲಿನವನು ಅಂತ ನಾನೇ ಹೇಳಿದ್ದರಿಂದ ಅವರ ಸಂಶಯ ಇನ್ನಷ್ಟು ಬಲಿಯಿತು.

ಮಾತುಕತೆಗೆ ಹೋದ ದಿನ ಅವರು ನಮ್ಮನ್ನು ಅಂಗಳಕ್ಕೆ ಕರೆದೊಯ್ದರು. ಅಲ್ಲಿ ಹೊಸ ಮೋಟಾರು ನಿಂತಿತ್ತು, ತಲೆಯ ಮೇಲೆ ಹೊದಿಕೆ ಇಲ್ಲದ್ದು. ಡ್ರೈವರ್ ರಜೆಯಲ್ಲಿದ್ದ.

"ಮುಗಿಲಾಗ ವಿಮಾನ ನಡಸವ್ರಿಗೆ ಇದೇನ್ ದೊಡ್ಡದ್ರಿ," ಅಂದರು ಅವರು. "ಒಂದ ಸುತ್ತ ಹೊಡಸ್ರಿ, ನೋಡೂಣು."

ನಾನು ಜನ್ಮದಲ್ಲಿ ಮೋಟಾರು ನಡೆಸಿದವನಲ್ಲ. ಸೈಕಲ್ಲಿನಿಂದ ಸೀದಾ ವಿಮಾನಕ್ಕೆ ಹೋದವನು. ಬಾಯಿ ತೆರೆಯುವಷ್ಟರಲ್ಲಿ ಕಾಕಾ ಹಿಂದಿನಿಂದ ಅಂಗಿ ಜಗ್ಗಿ, "ಇಲ್ಲ ಅನಬ್ಯಾಡ," ಅಂತ ಪಿಸುಗುಟ್ಟಿದರು.

ಕುಳಿತೆ. ವ್ಯಾಪಾರಿ ಪಕ್ಕದಲ್ಲಿ ಕುಳಿತರು. ಡ್ರೈವರುಗಳು ಮಾಡುವುದನ್ನು ನೋಡಿದ್ದ ನೆನಪಿನ ಮೇಲೆ ಹೇಗೋ ಗಾಡಿ ಹೊರಡಿಸಿದೆ. ಅಂಗಳದಿಂದ ಹೊರಗೆ ಹೋಗುವ ಬಾಗಿಲು ಬಲಕ್ಕಿತ್ತು. ವಿಮಾನ ನೆಲದ ಮೇಲೆ ಓಡುವಾಗ ಅದನ್ನು ತಿರುಗಿಸುವುದು ಕಾಲಿನಿಂದ, ಕೈಯಲ್ಲಿನ ಚಕ್ರದಿಂದಲ್ಲ. ಬಲಕ್ಕೆ ಹೋಗಬೇಕೆಂದು ಬಲಗಾಲು ಒತ್ತಿದೆ. ಗಾಡಿ ತಿರುಗಲಿಲ್ಲ, ಮುಂದಕ್ಕೆ ಜಿಗಿಯಿತು. ಇನ್ನೂ ತಿರುಗುತ್ತಿಲ್ಲವಲ್ಲ ಅಂತ ಇನ್ನಷ್ಟು ಒತ್ತಿದೆ.

ಎದುರಿಗೆ ಕುಟ್ಟಿದ ಅರಿಷಿಣದ ಚೀಲಗಳನ್ನು ಒಟ್ಟಿದ್ದರು.

ಚೀಲಗಳು ಒಡೆದು ನಮ್ಮ ಮೇಲೆ ಬಿದ್ದವು. ಎಂಜಿನ್ ನಿಂತಿತು. ಸ್ವಲ್ಪ ಹೊತ್ತು ಹಳದಿಯ ಹೊರತು ಏನೂ ಕಾಣಲಿಲ್ಲ. ಪೆಟ್ಟು ಯಾರಿಗೂ ಆಗಿರಲಿಲ್ಲ. ಸಂಬಂಧ ಮಾತ್ರ ಮುರಿಯಿತು ಅಂದುಕೊಂಡೆ. ಪಕ್ಕದಲ್ಲಿ ವ್ಯಾಪಾರಿ ಕಣ್ಣೊರೆಸಿಕೊಂಡು ನಿಧಾನವಾಗಿ ಕೇಳಿದರು:

"ಇದಕ್ಕೂ ಬ್ಯಾರೆ ಸಾಲಿ ಬೇಕೇನ್ರಿ?"

"ಹೌದ್ರಿ," ಅಂದೆ. "ಒಂದೊಂದಕ್ಕೂ ಬ್ಯಾರೇನ ಬೇಕ್ರಿ."

ಅವರು ತಲೆಯಾಡಿಸಿದರು. ಇಷ್ಟು ದಿನ ನಾನು ಬಾಯಲ್ಲಿ ಹೇಳಿ ತಿಳಿಸಲಾಗದ್ದು ಅವರಿಗೆ ಆಗ ತಿಳಿದಿತ್ತು.

ಕಟ್ಟೆಯ ಮೇಲೆ ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳ ಅಜ್ಜಿ ಕೋಲೂರಿಕೊಂಡು ಇಳಿದು ಬಂದು, ತಲೆಯಿಂದ ಕಾಲಿನವರೆಗೆ ಹಳದಿಯಾಗಿದ್ದ ನನ್ನನ್ನು ಚೆನ್ನಾಗಿ ನೋಡಿ, ಮಗನಿಗೆ ಹೇಳಿದಳು:

"ಹುಡುಗಗ ಅರಿಷಿಣ ಹಚ್ಚಿದ್ದಂತೂ ಆತು. ಇನ್ನ ಲಗೂನ ಮುಹೂರ್ತ ನೋಡಸು."