ಮಣ್ಣಾಗಲೊಲ್ಲದ ಫೋಮು

ಕೆಲವರಿಗೆ ಜೀವಮಾನದಲ್ಲಿ ಒಂದೋ ಎರಡೋ ಸಲ ಮಾನ ಹೋಗುತ್ತೆ. ನನಗೆ ಎಂಬತ್ತರ ದಶಕದ ಶುರುವಿನಲ್ಲಿ ಅದು ಕೆಲಸದ ಭಾಗವೇ ಆಗಿಹೋಗಿತ್ತು. ಸಂಬಳ ತಿಂಗಳಿಗೊಮ್ಮೆ ಬರ್ತಿತ್ತು, ಅವಮಾನ ಮಾತ್ರ ವಾರವಾರವೂ ತಪ್ಪದೆ ಬರ್ತಿತ್ತು.

ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಯಶವಂತಪುರದ ಒಂದು ಸಣ್ಣ ಕಾರ್ಖಾನೆ ಸೇರಿದ್ದೆ. ಕುರ್ಚಿಗೆ, ಸ್ಕೂಟರ್ ಸೀಟಿಗೆ ಪಾಲಿಯುರಿಥೇನ್ ಫೋಮ್ ಮಾಡೋ ಜಾಗ. ಯಜಮಾನರಿಗೆ ಒಂದು ಆಸೆ. ನರ್ಸರಿಯವರು ಸಸಿ ಬೆಳೆಸೋ ಕರಿ ಪ್ಲಾಸ್ಟಿಕ್ ಚೀಲ ಏನು ಮಾಡಿದ್ರೂ ಮಣ್ಣಲ್ಲಿ ಕೊಳೆಯೋದಿಲ್ಲ. ಅದರ ಬದಲು ಫೋಮಿನ ಕುಡಿಕೆ ಮಾಡಿ, ಸಸಿ ಸಮೇತ ನೆಟ್ಟರೆ, ಬೇರು ಬಿಡೋ ಹೊತ್ತಿಗೆ ಕುಡಿಕೆ ಪುಡಿಯಾಗಿ ಮಣ್ಣಿಗೆ ಸೇರ್ಬೇಕು. "ಹರಳೆಣ್ಣೆ ಹಾಕಿ ಮಾಡಿದ ಫೋಮು ಹಾಗೇ ಪುಡಿಯಾಗುತ್ತೆ ಸಾರ್" ಅಂತ ಎದೆ ತಟ್ಟಿ ಹೇಳಿದವಳು ನಾನೇ.

"ಸರಿಯಮ್ಮ, ಮಾಡು. ಮುಂಗಾರಿನೊಳಗೆ ಪುಡಿಯಾದ್ರೆ ನೀನು ನಮ್ಮ ಕೆಮಿಸ್ಟು. ಆಗ್ಲಿಲ್ಲ ಅಂದ್ರೆ ಆಫೀಸಲ್ಲಿ ಟೈಪಿಂಗ್ ಕೆಲಸ ಖಾಲಿ ಇದೆ" ಅಂದ್ರು.

ಇಡೀ ಕಾರ್ಖಾನೆಗೆ ನಾನೊಬ್ಬಳೇ ಹೆಂಗಸು. ಅಷ್ಟು ಓದಿ ಕೊನೆಗೆ ಟೈಪ್‌ರೈಟರ್ ಮುಂದೆ ಕೂರೋದಾ? ಅದರ ಕಡೆ ಕಣ್ಣು ಹೋದಾಗೆಲ್ಲ ಮುಖ ತಿರುಗಿಸಿಕೊಳ್ತಿದ್ದೆ.

ಯಜಮಾನರ ಬೆರಳು

ಎರಡು ದ್ರಾವಣ ಬೆರೆಸಿ ಅಚ್ಚಿಗೆ ಸುರಿದ್ರೆ ಫೋಮು ಉಬ್ಬಿಕೊಂಡು ಮೇಲೆ ಬರುತ್ತೆ. ಗಟ್ಟಿಯಾಗೋ ತನಕ ಮುಟ್ಟಬಾರದು. ಮೊದಲನೇ ಕುಡಿಕೆ ಉಬ್ಬಿದ ದಿನ ಯಜಮಾನರಿಗೆ ತಡೆಯೋಕಾಗಲಿಲ್ಲ. ಇಡ್ಲಿ ಬೆಂದಿದೆಯಾ ಅಂತ ನೋಡೋ ಹಾಗೆ ಬೆರಳು ಚುಚ್ಚೇಬಿಟ್ರು. "ಸಾರ್, ಬೇಡ!" ಅನ್ನೋಷ್ಟರಲ್ಲಿ ಉಂಗುರದ ಸಮೇತ ಬೆರಳು ಒಳಗೆ. ಎಳೆದರೆ ಕುಡಿಕೆಯೂ ಜೊತೆಗೇ ಬಂತು.

ಅದೇ ಹೊತ್ತಿಗೆ ಹೆಬ್ಬಾಳದ ಕಡೆಯ ನರ್ಸರಿಯವರೊಬ್ಬರು ಒಳಗೆ ಬರಬೇಕೇ! ಯಜಮಾನರು ಮುಜುಗರ ತೋರಿಸಿಕೊಳ್ಳದೆ ಆ ಕೈಯನ್ನೇ ಮೇಲೆತ್ತಿ, "ನೋಡಿ, ಇದೇ ನಮ್ಮ ಹೊಸ ಮಾಲು. ಮಣ್ಣಲ್ಲಿ ಹೂತ್ರೆ ಸಾಕು, ತಾನಾಗೇ ಕರಗಿಹೋಗುತ್ತೆ" ಅಂದ್ರು.

ಬಂದವರು ಕುಡಿಕೆ ನೋಡಿದ್ರು, ಯಜಮಾನರ ಮುಖ ನೋಡಿದ್ರು. ತುಂಬಾ ಕನಿಕರದಿಂದ ಕೇಳಿದ್ರು: "ಬೆರಳೂನಾ?"

ಬಸ್ಸಿನಲ್ಲಿ ಉಪಕಾರ

ದಿನವಿಡೀ ಹರಳೆಣ್ಣೆ ಜೊತೆ ಒದ್ದಾಡಿದ್ರೆ ಸೀರೆ, ಜಡೆ, ಊಟದ ಡಬ್ಬಿ ಎಲ್ಲಾ ಅದೇ ವಾಸನೆ. ಸಂಜೆ ಆರ್.ಟಿ. ನಗರಕ್ಕೆ ಹೋಗೋ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ಒಂದಿನ ಬಸ್ಸು ತುಂಬಿ ತುಳುಕ್ತಿತ್ತು. ಮೇಖ್ರಿ ಸರ್ಕಲ್ ಹತ್ತಿರ ಕಂಡಕ್ಟರ್ ಟಿಕೆಟ್ ಕೊಡೋಕೆ ಬಂದವನು ಮೂಗರಳಿಸಿ ನೋಡಿ, ಸುಮ್ಮನೆ ಹೋಗಬಾರದಾ? ಪಾಪ, ಒಳ್ಳೇ ಮನುಷ್ಯ. ಇಡೀ ಬಸ್ಸಿಗೆ ಕೇಳೋ ಹಾಗೆ ಕೂಗಿದ:

"ಎಲ್ಲಾ ಸ್ವಲ್ಪ ಜಾಗ ಬಿಡ್ರೀ! ಈಯಮ್ಮ ಹರಳೆಣ್ಣೆ ಕುಡಿದವ್ರೆ. ಬಾಗ್ಲ ಹತ್ರ ಬಂದ್ಬಿಡಮ್ಮ, ಅರ್ಜೆಂಟಾದ್ರೆ ಹೇಳು, ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ!"

ರಾಜಾನುಕುಂಟೆಯ ಅಜ್ಜಿ

ಕುಡಿಕೆ ಪುಡಿಯಾಗುತ್ತೋ ಇಲ್ಲವೋ ನೋಡೋಕೆ ಹೂಳಬೇಕಲ್ಲ. ಕಾರ್ಖಾನೆ ಹಿಂದೆ ಬರೀ ಜಲ್ಲಿಕಲ್ಲು. ನಮ್ಮ ವಾಚ್‌ಮನ್‌ದು ರಾಜಾನುಕುಂಟೆಯಲ್ಲಿ ಹೊಲ ಇತ್ತು. ಅಲ್ಲಿ ಒಂದು ಮೂಲೆಯಲ್ಲಿ ಕುಡಿಕೆಗಳನ್ನ ಹೂತು ಬಂದೆ. ತಿಂಗಳುಗಟ್ಟಲೆ ಕಾದು, ದೇವರಿಗೆ ಹರಕೆ ಹೊತ್ತು, ಬೇಸಗೆ ಶುರುವಿನಲ್ಲಿ ಯಜಮಾನರ ಜೊತೆ ಅವರ ಕಾರಲ್ಲೇ ಹೋದೆ. ಅಗೆದರೆ ಅಲ್ಲಿ ಏನೂ ಇಲ್ಲ! ಚೂರೂ ಇಲ್ಲ, ಪುಡೀನೂ ಇಲ್ಲ.

"ಪೂರ್ತಿ ಕರಗಿಹೋಗಿದೆ ಸಾರ್!" ಅಂತ ಕುಣಿದಾಡಿಬಿಟ್ಟೆ. ಯಜಮಾನರು ನನ್ನ ಬೆನ್ನು ತಟ್ಟಿದ್ರು.

ಅಷ್ಟರಲ್ಲಿ ವಾಚ್‌ಮನ್ ತಾಯಿ ಒಂದು ದಪ್ಪ ದಿಂಬು ಹಿಡ್ಕೊಂಡು ಬಂತು. ಕುಡಿಕೆ ಹೂತ ವಿಷಯ ಆಯಮ್ಮಂಗೆ ಹೇಳೋದನ್ನೇ ಮಗ ಮರೆತಿದ್ದ.

"ಸೊಪ್ಪಿನ ಮಡಿ ಮಾಡಾಕೆ ಅಗುದ್ರೆ ಮೆತ್ತಗಿರೋವು ಸಿಕ್ಕಿದ್ವು ಕಣವ್ವ. ತೊಳ್ದು, ಕುಯ್ದು, ದಿಂಬು ತುಂಬ್ಕಂಡಿವ್ನಿ. ಯಾರವ್ವ ಮಾಡಿದ್ದು? ಎಂಥ ಕೈ! ನಾನ್ ಮಣ್ಣಾದ್ರೂ ಇದು ಮಣ್ಣಾಗಾಕಿಲ್ಲ, ನೋಡ್ತಿರು!"

ನನ್ನ ಕೆಲಸಕ್ಕೆ ಸಿಕ್ಕಿದ ಮೊದಲನೇ ಮೆಚ್ಚುಗೆ ಅದು. ಭೂಮಿ ಬಾಯಿಬಿಟ್ಟು ನನ್ನನ್ನಾದ್ರೂ ನುಂಗಬಾರದಾ ಅನ್ನಿಸ್ತು. ವಾಪಸ್ ಬರುವಾಗ ಯಲಹಂಕ ದಾಟಿದ ಮೇಲೆ ಯಜಮಾನರು ಕಾರು ನಿಧಾನ ಮಾಡಿದ್ರು. ಆಮೇಲೆ ಮೆತ್ತಗೆ ಕೇಳಿದ್ರು:

"ಟೈಪಿಂಗ್ ಕಲಿಯೋಕೆ ಎಷ್ಟು ದಿನ ಬೇಕಮ್ಮ ನಿನಗೆ?"

ಸೋಫಾ

ಮನೇಲಿ ಅಮ್ಮನಿಗೆ ಈ ಸುದ್ದಿಯಿಂದ ಖುಷಿಯೇ ಆಯ್ತು. "ಟೈಪಿಂಗೂ ಬೇಡ, ಎಂಥದೂ ಬೇಡ. ಭಾನುವಾರ ಗಂಡಿನ ಕಡೆಯವರು ನೋಡೋಕೆ ಬರ್ತಿದಾರೆ" ಅಂದ್ಲು.

ನಮ್ಮ ಬೆತ್ತದ ಸೋಫಾಗೆ ಮೆತ್ತೆ ಮಾಡಿದ್ದು ಕುಡಿಕೆ ಮಾಡಿ ಉಳಿದ ನನ್ನ ಹರಳೆಣ್ಣೆ ಫೋಮಿನಿಂದಲೇ. ಅಮ್ಮ ಅದಕ್ಕೆ ತನ್ನ ಹಳೇ ವಾಯಿಲ್ ಸೀರೆಯ ಕವರ್ ಹೊಲಿದಿದ್ಲು. ಗಂಡಿನ ತಂದೆ, ಭಾರಿ ಆಸಾಮಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದು ಅದರ ಮೇಲೇ ಕೂತ್ರು. ನಾನು ಬೋಂಡ, ಕೇಸರಿಬಾತಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದೆ.

"ಮದುವೆಯಾದ್ಮೇಲೆ ಫ್ಯಾಕ್ಟರಿ ಕೆಲಸ ಬಿಡ್ತೀಯಲ್ಲಮ್ಮ?" ಅಂತ ಗಂಡಿನ ತಾಯಿ ಕೇಳಿದ್ರು.

"ಬಿಡ್ತಾಳೆ, ಬಿಡ್ತಾಳೆ" ಅಂತ ನನಗಿಂತ ಮುಂಚೆ ಅಮ್ಮ ಹೇಳಿಬಿಟ್ಲು.

ನನಗೆ ಅಳು ಬಂದುಬಿಡ್ತು. ಅಷ್ಟರಲ್ಲಿ ಗಂಡಿನ ತಂದೆ ಕೈ ತೊಳೆಯೋಕೆ ಎದ್ದು ಆ ಕಡೆ ತಿರುಗಿದ್ರು. ಪಂಚೆಯ ಹಿಂಭಾಗವೆಲ್ಲ ಹಳದಿ ಪುಡಿ!

"ಏನ್ರೀ ಇದು, ಹಿಂದೆಲ್ಲಾ ಕಡ್ಲೆಹಿಟ್ಟು!" ಅಂತ ಅವರ ಹೆಂಡತಿ ಚೀರಿದ್ರು.

ಕಡಲೆಹಿಟ್ಟಲ್ಲ. ನನ್ನ ಫೋಮು!

"ಪುಡಿಯಾಯ್ತು! ಅಮ್ಮಾ, ಪುಡಿಯಾಯ್ತು!" ಅಂತ ಕಿರುಚಿ, ತಟ್ಟೆಯನ್ನ ಹುಡುಗನ ತೊಡೆ ಮೇಲಿಟ್ಟು, ಅಡುಗೆಮನೆಯಿಂದ ಚಮಚ, ಲೋಟ ಹಿಡ್ಕೊಂಡು ಓಡಿಬಂದೆ. "ಸಾರ್, ಅಲ್ಲಾಡ್ಬೇಡಿ! ಕೊಡವಬೇಡಿ! ಹಾಗೇ ನಿಂತಿರಿ!"

ಪಾಪ, ಆ ಹಿರಿಯರು ಕಂಬದ ಹಾಗೆ ನಿಂತುಬಿಟ್ರು. ನಾನು ಅವರ ಹಿಂದೆ ಮಂಡಿಯೂರಿ ಕೆರೆದು ಕೆರೆದು ಲೋಟಕ್ಕೆ ತುಂಬಿಸ್ತಿದ್ದೀನಿ. ಅಪ್ಪ ಟವೆಲಿನಿಂದ ಮುಖ ಮುಚ್ಕೊಂಡ್ರು.

"ನಾನೇನು ಕಮ್ಮಿ ಮಾಡಿದ್ದೆ? ಆ ಎಣ್ಣೆ ವಾಸನೆ ಹೋಗ್ಲಿ ಅಂತ ವಾರವಾರ ಮೆತ್ತೆನ ಕುದಿಯೋ ನೀರಿಗೆ ವಾಷಿಂಗ್ ಸೋಡ ಹಾಕಿ ನೆನೆಸಿ, ತಾರಸಿ ಮೇಲೆ ಒಣಗಿಸಿದ್ನಲ್ಲಾ!" ಅಂತ ಅಮ್ಮ ಗೋಳಾಡಿದ್ಲು.

"ಬಿಸಿನೀರಾ? ಸೋಡಾನಾ? ಎಷ್ಟು ಹಾಕ್ದೆ, ನೆನಪು ಮಾಡ್ಕೊ ಅಮ್ಮ!"

ಅಮ್ಮ ಹಣೆ ಚಚ್ಚಿಕೊಂಡ್ಲು. ಆಗಲೇ ನನಗೆ ಎಚ್ಚರ ಆಗಿದ್ದು: ನಾನು ಎಲ್ಲಿ ಕೂತಿದ್ದೀನಿ, ಯಾರ ಹಿಂದೆ ಕೂತಿದ್ದೀನಿ, ಕೈಯಲ್ಲಿ ಏನಿದೆ. ಲೋಟ ಎದೆಗವಚಿಕೊಂಡು ಒಳಗೆ ಓಡಿದವಳು ಅವರು ಹೋಗೋ ತನಕ ಹೊರಗೆ ಬರಲಿಲ್ಲ. ನಾಚಿಕೆಗೆ ಆ ರಾತ್ರಿ ಊಟವೂ ಸೇರಲಿಲ್ಲ.

ಮಾರನೇ ದಿನ ಲೋಟ ತಗೊಂಡು ಹೋಗಿ ಯಜಮಾನರ ಮೇಜಿನ ಮೇಲಿಟ್ಟೆ. ಒಣ ಮಣ್ಣು ಸಾಲದು, ಶಾಖ ಬೇಕು, ತೇವ ಬೇಕು, ಕ್ಷಾರ ಬೇಕು ಅಂದೆ. ಸುಣ್ಣ ಬೆರೆಸಿದ ಬಿಸಿ ತಿಪ್ಪೆಗೊಬ್ಬರದಲ್ಲಿ ಕುಡಿಕೆ ಹೂತ್ವಿ. ಮುಂಗಾರಿನ ಮೊದಲ ಮಳೆ ಬೀಳೋ ಹೊತ್ತಿಗೆ ಬೆರಳಲ್ಲಿ ಹಿಸುಕಿದ್ರೆ ಪುಡಿಪುಡಿ. ಟೈಪಿಂಗ್ ಕೆಲಸಕ್ಕೆ ಬೇರೆ ಯಾರೋ ಬಂದ್ರು.

ಅಮ್ಮ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ಲು. ಸಂಬಂಧ ತಪ್ಪಿತು ಅಂತ ಎಲ್ಲರೂ ಸುಮ್ಮನಾದ ಮೇಲೆ, ಒಂದಿನ ಆ ಹಿರಿಯರೇ ಮನೆಗೆ ಬಂದ್ರು. ಈ ಸಲ ಕಪ್ಪು ಪ್ಯಾಂಟು ಹಾಕಿದ್ರು. ಸೋಫಾ ನೋಡಿ, ಗೋಡೆ ಪಕ್ಕದ ಮರದ ಸ್ಟೂಲ್ ಎಳ್ಕೊಂಡು ಅದರ ಮೇಲೆ ಕೂತ್ರು.

"ಹುಡುಗೀನ ಒಪ್ಪಿದೀವಿ. ಅಷ್ಟು ಜನರ ಮುಂದೆ ಮಾವನ ಹಿಂದೆ ಚಮಚ ಹಿಡ್ಕೊಂಡು ಕೂರೋಳು ಆ ಕೆಲಸ ಬಿಟ್ಟು ಬದುಕೋಳಲ್ಲ. ಮದುವೆ ಆದ್ಮೇಲೂ ಹೋಗ್ಲಿ."

ಅಮ್ಮ ಕಣ್ಣೊರೆಸಿಕೊಂಡು, "ನಿಮ್ಮದು ದೊಡ್ಡ ಮನಸ್ಸು. ನಮ್ಮಿಂದ ಇನ್ನೇನಾದ್ರೂ ಆಗ್ಬೇಕಾ?" ಅಂದ್ಲು.

ಅವರು ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ಒಂದು ಸಲ ನೋಡಿದ್ರು.

"ಏನೂ ಬೇಡ. ಮದುವೇಲಿ ಗಂಡಿಗೆ ಹಾಸಿಗೆ ಕೊಡ್ತೀರಲ್ಲ, ಅದೊಂದು ಹತ್ತಿ ತುಂಬಿದ್ದೇ ಇರ್ಲಿ."